ರಂಗೋಲಿ ಮೆಟ್ರೊ ಕಲಾ ಕೇಂದ್ರದಲ್ಲಿ ಮೊದಲ ಪ್ರದರ್ಶನ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ಮೂವರು ಗೆಳತಿಯರು, ಜಲವರ್ಣದಲ್ಲಿ ಚಿತ್ರ ಬರೆಯುತ್ತೇವೆ. ಇಲ್ಲಿಯವರೆಗೆ ತೋರಿಸಿದ್ದು ಬೆಂಗಳೂರಿನಲ್ಲಿ ವರ್ಷಕ್ಕೊಮ್ಮೆ ರಸ್ತೆಯಲ್ಲೇ ನಡೆಯುವ ಚಿತ್ರಸಂತೆಯಲ್ಲಿ ಮಾತ್ರ. ಕುಮಾರಕೃಪಾ ರಸ್ತೆಯ ಆ ಭಾನುವಾರ ಖುಷಿಯೇ, ಆದರೆ ಜನ ಎಷ್ಟು ಜಾಸ್ತಿ ಎಂದರೆ ಒಂದು ಚಿತ್ರದ ಮುಂದೆ ಎರಡು ನಿಮಿಷ ನಿಲ್ಲಲು ಯಾರಿಗೂ ಆಗುವುದಿಲ್ಲ. ಅದಕ್ಕೇ ಈ ಸಲ ಎಂ.ಜಿ. ರಸ್ತೆಯ ರಂಗೋಲಿ ಕೇಂದ್ರದಲ್ಲಿ ಗುಂಪು ಪ್ರದರ್ಶನ ಮಾಡುವ ಆಸೆ. ಮೆಟ್ರೊ ಹತ್ತಲು ಬಂದವರೂ ಸುಮ್ನೆ ಒಳಗೆ ಬಂದು ನೋಡಬಹುದು, ಅಲ್ವಾ?

ಅಲ್ಲಿ ಪ್ರದರ್ಶನ ಮಾಡಿದವರು ಇದ್ದರೆ ದಯವಿಟ್ಟು ಹೇಳಿ. ಎಷ್ಟು ತಿಂಗಳು ಮೊದಲೇ ಅರ್ಜಿ ಹಾಕಬೇಕು? ಈಗ ಬಾಡಿಗೆ ಎಷ್ಟಿದೆ? ಗೋಡೆಗೆ ಮೊಳೆ ಹೊಡೆಯಬಹುದಾ, ಇಲ್ಲ ತಂತಿಯಲ್ಲೇ ನೇತು ಹಾಕಬೇಕಾ?

ನನ್ನ ದೊಡ್ಡ ಚಿಂತೆ ಫ್ರೇಮಿನದು. ಒಟ್ಟು 24 ಚಿತ್ರಗಳಿವೆ. ಹಿಂದೊಮ್ಮೆ ಮೌಂಟ್ (ಚಿತ್ರ ಗಾಜಿಗೆ ತಾಗದಂತೆ ಸುತ್ತ ಇಡುವ ದಪ್ಪ ರಟ್ಟಿನ ಚೌಕಟ್ಟು) ಇಲ್ಲದೆ ನೇರವಾಗಿ ಗಾಜು ಹಾಕಿಸಿದ್ದೆ. ಮಳೆಗಾಲದ ತೇವಕ್ಕೆ ಕಾಗದ ಗಾಜಿಗೆ ಅಂಟಿ ಚಿತ್ರವೇ ಹಾಳಾಯಿತು. ಅದು ನನ್ನ ಅಜ್ಜಿಯ ಚಿತ್ರ, ಇವತ್ತಿಗೂ ಸಂಕಟವಾಗುತ್ತದೆ. ಅಕ್ರಿಲಿಕ್ ಶೀಟ್ ಹಗುರ, ಆದರೆ ಬೇಗ ಗೀರು ಬೀಳುತ್ತದೆ. ಆಸಿಡ್ ಇಲ್ಲದ ಮೌಂಟ್ ಬೋರ್ಡ್ ಹಾಕಿ ಒಳ್ಳೆಯ ಕೆಲಸ ಮಾಡಿಕೊಡುವವರು ಬೆಂಗಳೂರಿನಲ್ಲಿ ಎಲ್ಲಿದ್ದಾರೆ? ಫ್ರೇಮ್ ಬಾಡಿಗೆಗೆ ಸಿಕ್ಕರೂ ಸಾಕು, ನಮಗೆ ತುಂಬಾ ಅನುಕೂಲ.