ಅಪ್‌ಡೇಟ್: ಹುವರಾಚೆಯ ಅಡಿಗಂಟು ಈಗ ಸವೆಯುತ್ತಿಲ್ಲ

ರಬ್ಬರ್ ಶೀಟಿಗೆ ದಾರ ಕಟ್ಟಿ ಮನೆಯಲ್ಲೇ ಮಾಡಿದ ಹುವರಾಚೆ ಚಪ್ಪಲಿಯ ಅಡಿಗಂಟು (ಹೆಬ್ಬೆರಳ ಸಂದಿನ ದಾರವನ್ನು ಸೋಲಿನ ತೂತಿನ ಕೆಳಗೆ ಹಿಡಿದಿಡುವ ಗಂಟು) ಬದಿಯಡ್ಕದ ಟಾರು ರಸ್ತೆಯಲ್ಲಿ ಓಡುವಾಗ ಸವೆದು ದಾರ ಕಿತ್ತುಬರುತ್ತದೆ ಅಂತ ಕೇಳಿದ್ದೆನಲ್ಲ? ಗಂಟನ್ನು ಮೇಣದಬತ್ತಿಗೆ ಹಿಡಿದು ಚಪ್ಪಟೆ ಮಾಡಿದ್ದು ಹೆಚ್ಚು ಬಾಳಲಿಲ್ಲ. ಸೂಪರ್ ಗ್ಲೂ ಅಂತೂ ದಂಡ, ಸೋಲ್ ಬಾಗಿದ ಕೂಡಲೇ ಬಿರುಕು.

ಗೆದ್ದದ್ದು ತೂತಿನ ಅಡಿಭಾಗವನ್ನು ಬಟ್ಟಲಿನಂತೆ ಕೆತ್ತಿ ಗಂಟನ್ನು ಒಳಗೆ ಕೂರಿಸುವ ಸಲಹೆ. ಹೇಳಿದವರಿಗೆ ಥ್ಯಾಂಕ್ಸ್ ಮಾರಾಯ್ರೇ! ಪೇಟೆಯಲ್ಲಿ ಚಪ್ಪಲಿ ಹೊಲಿಯುವ ಅಜ್ಜ ಚೂರಿಯ ತುದಿಯಲ್ಲೇ ಕೆತ್ತಿಕೊಟ್ಟರು. ನನ್ನದು 6 ಮಿ.ಮೀ. ಶೀಟು, ತೆಳುವಾದರೆ ಗಂಟಿಗೆ ಜಾಗವೇ ಸಿಗದು. ಮೆಕ್ಸಿಕೋದ ರಾರಾಮುರಿ ಬುಡಕಟ್ಟಿನವರು ತಮ್ಮ ಹುವರಾಚೆಗೆ ಬಳಸುವ ಹಳೇ ಟೈರಿನ ಲಾಭವೂ ಆಗ ಹೊಳೆಯಿತು: ಒಳಗಿನ ನೂಲಿನ ಪದರ ಇದ್ದರೆ ತೂತು ಬೇಗ ಹರಿಯುವುದಿಲ್ಲ.

ಇನ್ನೊಂದು, ಹೆಬ್ಬೆರಳ ಸಂದಿನ ಉರಿಗೆ ಕಾರಣ ದಾರದ ಜಾತಿಯಲ್ಲ, ಹಿಮ್ಮಡಿ ಪಟ್ಟಿ ಸಡಿಲವಾಗಿ ಪಾದ ಮುಂದಕ್ಕೆ ಜಾರುತ್ತಿದ್ದದ್ದು. ಬಿಗಿ ಮಾಡಿದೆ, ಹೋಯ್ತು. ಮಳೆಗಾಲದಲ್ಲಿ ಪಾಚಿ ಹಿಡಿದ ಮುರಕಲ್ಲಿನ ಮೇಲೆ ಮಾತ್ರ ಇದರಲ್ಲಿ ಓಡಬೇಡಿ.