ಕೊರಲೆ ಮೊಳಕೆನೇ ಬರ್ತಿಲ್ಲ, ಯಾರಾದ್ರೂ ಹೇಳಿ

ಒಣಹೊಲ_ಮಧುಗಿರಿ: ಕೊರಲೆ ಅನ್ನೋ ಸಿರಿಧಾನ್ಯ ಎಂಥ ಬರಡು ನೆಲದಲ್ಲೂ ಬರುತ್ತೆ, ತಿರುಗಿ ನೋಡೋದೇ ಬೇಡ ಅಂತ ಎಲ್ಲರೂ ಹೇಳುತ್ತಾರೆ. ನನಗಂತೂ ಬಂದಿಲ್ಲ. ಜುಲೈ ಕೊನೆಯ ಪುಷ್ಯ ಮಳೆಗೆ ಬಿತ್ತಿದ್ದು, ಆಮೇಲೂ ಜೋರು ಮಳೆ ಆಯ್ತು, ಆದರೂ ಹೊಲ ಬೋಳು. ಹುಣಸೆ ಮರದ ಕೆಳಗೆ ಮಾತ್ರ ಹಸಿರಿದೆ. ತಲೆ ಕೆಟ್ಟುಹೋಗಿದೆ.

ಕೂರಿಗೆ_ತಾತ: ಅಂಗಡಿಯ ಸಿಪ್ಪೆ ತೆಗೆದ ಕೊರಲೆ ಅಕ್ಕಿ ಬಿತ್ತಿಲ್ಲ ತಾನೇ? ನಗಬೇಡಿ, ಹಾಗೆ ಮಾಡಿದವರೂ ಇದ್ದಾರೆ.

ಒಣಹೊಲ_ಮಧುಗಿರಿ: ಸಿಪ್ಪೆ ಇರೋ ಬೀಜಾನೇ ಸ್ವಾಮಿ.

ಕೂರಿಗೆ_ತಾತ: ಹಾಗಾದರೆ ಬೀಜ ತೀರಾ ಹಳೇದು, ಇಲ್ಲಾ ತೀರಾ ಹೊಸದು. ಆಗ ತಾನೇ ಒಕ್ಕಿದ ಬೀಜ ಬೇಗ ಮೊಳೆಯಲ್ಲ. ನೂರು ಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿ.

ಸಾಮೆ_ಶಿರಾ: ಮರದ ಕೆಳಗೆ ಅದೇ ಬೀಜ ಹುಟ್ಟಿದೆಯಲ್ಲಾ ತಾತ, ಬೀಜದ ತಪ್ಪು ಹೇಗಾಗುತ್ತೆ?

ಕೂರಿಗೆ_ತಾತ: ಅದು ಕಳೆ ಇರಬಹುದು. ಎಳೆಯದಾಗಿದ್ದಾಗ ಎರಡೂ ಒಂದೇ ಥರ. ನಾನು ಹೇಳ್ತಿರೋದು ಬೀಜದ್ದೇ ತೊಂದರೆ. ಬೀಜ ಕೈಯಲ್ಲಿ ಎರಚಿದ್ದಾ, ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತಿದ್ದಾ?

ಒಣಹೊಲ_ಮಧುಗಿರಿ: ಎರಚಿ, ಮಣ್ಣು ಮುಚ್ಚೋಕೆ ಕುಂಟೆ ಹೊಡೆಸಿದೆ.

ಕೂರಿಗೆ_ತಾತ: ಎರಚೋದು ಸೋಮಾರಿಗಳ ಕೆಲಸ.

ಸಾಮೆ_ಶಿರಾ: ನಮ್ಮಪ್ಪ ಎರಚಿಯೇ ಬೆಳೆದಿದ್ದು, ಮನೆ ತುಂಬಾ ಕಾಳು ಇತ್ತು. ಸುಮ್ನೆ ಮಾತಾಡಬೇಡಿ.

ಗೋಡು_ಪ್ರಿಯ: ಜಗಳ ಸಾಕು. ಯಜಮಾನ್ರೇ, ನೆಲ ಯಾವ ಥರದ್ದು? ಮೊದಲು ಏನಿತ್ತು?

ಒಣಹೊಲ_ಮಧುಗಿರಿ: ಕೆಮ್ಮಣ್ಣು. ಇಟ್ಟಿಗೆ ಗೂಡಿಗೆ ಮಣ್ಣು ಎತ್ತಿದ ಜಾಗ, ಎಲ್ಲರಿಗೂ ಗೊತ್ತಿರೋದೇ ಅಲ್ವಾ. ಮರದ ಸುತ್ತ ಮಾತ್ರ ಬಿಟ್ಟಿದ್ದಾರೆ.

ಗೋಡು_ಪ್ರಿಯ: ಅದನ್ನು ಮೊದಲೇ ಹೇಳಬಾರದಾ! ಮೇಲ್ಮಣ್ಣೇ ಇಲ್ಲ. ಜೋರು ಮಳೆ ಬಿದ್ದು ಬಿಸಿಲು ಕಾದರೆ ನೆಲದ ಮೇಲ್ಪದರ ಗಟ್ಟಿಯಾಗಿ ಹೆಪ್ಪು ಕಟ್ಟುತ್ತೆ, ಸಣ್ಣ ಕಾಳಿನ ಮೊಳಕೆಗೆ ಅದನ್ನು ಒಡೆಯೋ ಶಕ್ತಿ ಎಲ್ಲಿಂದ? ಹೆಪ್ಪು ಎಬ್ಬಿಸಿ ನೋಡಿ.

ಒಣಹೊಲ_ಮಧುಗಿರಿ: ಚಾಕುವಿನಲ್ಲಿ ಎಬ್ಬಿಸಿದೆ. ಹಪ್ಪಳದ ಹಾಗೆ ಎದ್ದು ಬಂತು. ಕೆಳಗೆ ಬಿಳಿ ಮೊಳಕೆಗಳು ಸುರುಳಿ ಸುತ್ತಿಕೊಂಡು ಬಿದ್ದಿವೆ, ಕೆಲವು ಕೊಳೆತಿವೆ.

ಗೋಡು_ಪ್ರಿಯ: ನೋಡಿ ತಾತ, ಬೀಜ ಮೊಳೆತಿದೆ. ಇನ್ನೂ ಜೀವ ಇರೋ ಕಡೆ, ನೆಲ ಸ್ವಲ್ಪ ಹಸಿ ಇರುವಾಗಲೇ ಹೆಪ್ಪು ಒಡೆಯೋ ಹಾಗೆ ಮುಳ್ಳು ಕೊಂಬೆ ಕಟ್ಟಿ ನೆಲದ ಮೇಲಷ್ಟೇ ಎಳೆಸಿ. ಉಳಿದ ಕಡೆ ಆಗಸ್ಟ್ ಕೊನೆಯ ಮಘೆ ಮಳೆಗೆ ಮತ್ತೆ ಹಾಕಬಹುದು, ಕೊರಲೆ ಎರಡೂವರೆ ತಿಂಗಳ ಬೆಳೆ. ಬೀಜಕ್ಕೆ ಪುಡಿ ಮಾಡಿದ ಕೊಟ್ಟಿಗೆ ಗೊಬ್ಬರ ಬೆರೆಸಿ, ಆಳಕ್ಕೆ ಹೋಗದ ಹಾಗೆ ಬಿತ್ತಿ. ಬೇಸಿಗೆಯಲ್ಲಿ ಕೆರೆ ಗೋಡು, ಅಂದ್ರೆ ಕೆರೆಯ ಹೂಳು ಮಣ್ಣು, ಹೊಡೆಸದೆ ಗತಿಯಿಲ್ಲ. ಅಲ್ಲಿವರೆಗೆ ಅರ್ಧ ಹೊಲಕ್ಕೆ ಹುರುಳಿಯೋ ಹುಚ್ಚೆಳ್ಳೋ ಹಾಕಿ.

ಕೂರಿಗೆ_ತಾತ: ಆದರೂ ಬೀಜ ಒಮ್ಮೆ ಪರೀಕ್ಷೆ ಮಾಡಿಸಿ.

ಒಣಹೊಲ_ಮಧುಗಿರಿ: ಗೋಡಿಗೆ ಟ್ರ್ಯಾಕ್ಟರ್ ಬಾಡಿಗೆ ಯಾರು ಕೊಡ್ತಾರೆ?

ಡ್ರಿಪ್_ರಾಜ: ನಮ್ಮದು ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡ, ಮೇಲೆ ಸೋಲಾರ್ ಪಂಪು, ಸ್ಪ್ರಿಂಕ್ಲರ್. ಹೆಪ್ಪು ಅಂದ್ರೆ ಏನಂತಲೇ ಗೊತ್ತಿಲ್ಲ. ಫೋಟೋ ಹಾಕಲಾ?

ಸಾಮೆ_ಶಿರಾ: ಬೇಡ. 2023ರಲ್ಲಿ ಸಿರಿಧಾನ್ಯ ವರ್ಷ ಅಂತ ಕುಣಿದರಲ್ಲಾ, ಕೊರಲೆ ಸಿಪ್ಪೆ ಸರಿಯಾಗಿ ಬಿಡಿಸೋ ಮಿಲ್ಲು ಹತ್ತಿರದಲ್ಲಿ ಎಲ್ಲಿದೆ ಅದನ್ನು ಹೇಳಿ.

ಡ್ರಿಪ್_ರಾಜ: ನಮ್ಮ ಮನೆಯಲ್ಲೇ ಇದೆ.