ಅಡಿಕೆ ಸಿಪ್ಪೆಯ ನಾರು ಹಾಕಿದರೆ ಎಪಾಕ್ಸಿ ಬಲ ಕಮ್ಮಿ ಆಗುತ್ತಿದೆ, ಯಾಕೆ?

ಗುಬ್ಬಿ_ಹುಡುಗ:
ನಮಸ್ಕಾರ. ಬೆಂಗಳೂರಿನಲ್ಲಿ ಮೆಕ್ಯಾನಿಕಲ್ ಕೊನೆ ವರ್ಷ ಓದುತ್ತಿದ್ದೇನೆ. ಊರ ಕಡೆ ಅಡಿಕೆ ಸುಲಿದ ಸಿಪ್ಪೆಯನ್ನು ರಸ್ತೆ ಬದಿಗೆ ಸುರಿದು ಬೆಂಕಿ ಇಡುತ್ತಾರೆ. ಅದನ್ನು ನೋಡಿ ನೋಡಿ ಬೇಜಾರಾಗಿ, ಆ ನಾರನ್ನೇ ಪ್ರಾಜೆಕ್ಟಿಗೆ ತೆಗೆದುಕೊಂಡೆವು. ನೆನೆಸಿ, ಬಿಡಿಸಿ, ಬಿಸಿಲಿಗೆ ಒಣಗಿಸಿ, ಕತ್ತರಿಸಿ ಎಪಾಕ್ಸಿಗೆ (ಗಟ್ಟಿಯಾಗುವ ಅಂಟಿನಂಥ ರೆಸಿನ್) ಬೆರೆಸಿದೆವು. ಎಳೆದು ನೋಡಿದರೆ ಬರೀ ಎಪಾಕ್ಸಿಯೇ ಗಟ್ಟಿ, ನಾರು ಜಾಸ್ತಿ ಮಾಡಿದಷ್ಟೂ ಬಲ ಇಳಿಯುತ್ತಿದೆ. ಬಾಳೆ ನಾರಿಗೆ ಬದಲಾಯಿಸಬೇಕಾ?

ಪೀಣ್ಯ_ಮೋಲ್ಡರ್:
ನಾರು ಬದಲಾಯಿಸುವ ಮುಂಚೆ ಮುರಿದ ತುಂಡನ್ನು ಲೆನ್ಸ್ ಇಟ್ಟು ನೋಡಿ. ನಾರು ಉದ್ದಕ್ಕೆ, ನುಣ್ಣಗೆ ಹೊರಗೆ ಬಂದಿದೆಯಾ? ಪಕ್ಕದಲ್ಲಿ ಖಾಲಿ ತೂತು ಕಾಣುತ್ತದಾ? ಹಾಗಿದ್ದರೆ ನಾರು ಮುರಿದಿಲ್ಲ, ಜಾರಿಕೊಂಡು ಬಂದಿದೆ. ಅಂದರೆ ರೆಸಿನ್ ಅದನ್ನು ಹಿಡಿದೇ ಇಲ್ಲ. ಗಿಡದ ನಾರಿಗೆ ನೀರೆಂದರೆ ಇಷ್ಟ, ಮೇಲೆ ಮೇಣದಂಥ ಪದರ ಬೇರೆ ಇರುತ್ತದೆ, ರೆಸಿನ್ ಅಂಟುವುದಾದರೂ ಹೇಗೆ?

ಸುಮಾರು 5% ಕಾಸ್ಟಿಕ್ ಸೋಡಾ ನೀರಿನಲ್ಲಿ ಕೆಲವು ಗಂಟೆ ನೆನೆಸಿ. ಮೇಣ, ಜೊತೆಗೆ ನಾರಿನ ಎಳೆಗಳನ್ನು ಅಂಟಿಸಿಟ್ಟಿರುವ ಹೆಮಿಸೆಲ್ಯುಲೋಸ್, ಸ್ವಲ್ಪ ಲಿಗ್ನಿನ್ ಹೋಗಿ ಮೇಲ್ಮೈ ಒರಟಾಗುತ್ತದೆ. ಆಮೇಲೆ ಚೆನ್ನಾಗಿ ತೊಳೆದು, ಕೊನೆಗೆ ತೆಳು ಅಸಿಟಿಕ್ ಆಸಿಡ್ ಹಾಕಿ ಪಿಎಚ್ 7ಕ್ಕೆ (ಹುಳಿಯೂ ಅಲ್ಲದ, ಕ್ಷಾರವೂ ಅಲ್ಲದ ಮಟ್ಟ) ತನ್ನಿ. ಸೋಡಾ ತೀರಾ ಜಾಸ್ತಿಯಾದರೆ ನಾರೇ ಸತ್ತುಹೋಗುತ್ತದೆ, ಅದಕ್ಕೇ ಬೇರೆ ಬೇರೆ ಪ್ರಮಾಣದಲ್ಲಿ ಮಾಡಿ ಹೋಲಿಸಿ. ಇನ್ನು ಬಿಸಿಲು ಸಾಲದು. ನಮ್ಮ ಊರಿನ ಮಳೆಗಾಲದ ಗಾಳಿಯಲ್ಲಿ ಇಟ್ಟರೆ ಒಣಗಿದ ನಾರೂ ಮತ್ತೆ ತೇವ ಎಳೆದುಕೊಳ್ಳುತ್ತದೆ. ಓವನ್‌ನಲ್ಲಿ 80 ಡಿಗ್ರಿಗೆ ಒಣಗಿಸಿ, ತೆಗೆದ ಕೂಡಲೇ ಬೆರೆಸಿ.

ರೆಸಿನ್_ಅಕ್ಕ:
ಮೇಲಿನವರು ಹೇಳಿದ್ದು ಸರಿ, ಆದರೆ ಇಷ್ಟೆಲ್ಲಾ ಮಾಡಿದರೂ ಎಳೆತದ ಬಲ ಬಹಳ ಏರುತ್ತದೆ ಅಂತ ನಂಬಿಕೊಂಡು ಕೂರಬೇಡ ತಮ್ಮಾ. ಅಡಿಕೆ ನಾರಿನಲ್ಲಿ ತೆಂಗಿನ ನಾರಿನ ಹಾಗೆ ಲಿಗ್ನಿನ್ ಪಾಲು ಇದೆ, ಎಳೆದರೆ ಚೆನ್ನಾಗಿ ಹಿಗ್ಗುತ್ತದೆ, ಬಿಗಿತ ಕಮ್ಮಿ. ಅದಕ್ಕೆ ಇಂಪ್ಯಾಕ್ಟ್ ಪರೀಕ್ಷೆ ಮಾಡು. ಪೆಟ್ಟು ತಾಳುವ ಗುಣ ಅಲ್ಲಿ ಕಾಣುತ್ತದೆ. ಬಾಳೆ ನಾರಿನಲ್ಲಿ ಬಲ ಕೊಡುವ ಸೆಲ್ಯುಲೋಸ್ ಜಾಸ್ತಿ, ಎಳೆತಕ್ಕೆ ಅದೇ ವಾಸಿ. ಎರಡನ್ನೂ ಬೆರೆಸಿ ಯಾಕೆ ನೋಡಬಾರದು? ನಾರು ತೀರಾ ಚಿಕ್ಕದಾಗಿ ಕತ್ತರಿಸಿದರೂ ಜಾರುತ್ತದೆ, ಉದ್ದವನ್ನೂ ಬರೆದಿಟ್ಟುಕೋ.

ಇನ್ನೊಂದು ಮಾತು. ನಿನ್ನ ಹಲಗೆಯನ್ನು ಗಾಜಿನ ನಾರಿನ ಹಲಗೆಗೆ ಹೋಲಿಸುವುದಾದರೆ, ಗಾಜಿನ ನಾರಿನ ಸಾಂದ್ರತೆ ಘನ ಸೆಂ.ಮೀ.ಗೆ 2.5 ಗ್ರಾಂ ಆಸುಪಾಸು, ಗಿಡದ ನಾರಿನದು ಹೆಚ್ಚಾಗಿ 1.5ರ ಆಸುಪಾಸು ಅಥವಾ ಅದಕ್ಕಿಂತ ಕಮ್ಮಿ. ಬಲವನ್ನು ಸಾಂದ್ರತೆಯಿಂದ ಭಾಗಿಸಿ ಹೋಲಿಸಿದರೆ ನಿನ್ನ ಹಲಗೆಗೆ ನ್ಯಾಯ ಸಿಗುತ್ತದೆ.

ಮಲ್ನಾಡ್_ತೋಟ:
ಎಪಾಕ್ಸಿ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗಿಸೋಕೆ ಆಗಲ್ಲ. ಸಿಪ್ಪೆ ಸುಡುವುದು ತಪ್ಪಿಸಲು ಹೋಗಿ ಕರಗದ ಕಸ ಮಾಡಿದಂತೆ ಆಗಲ್ವಾ?

ರೆಸಿನ್_ಅಕ್ಕ:
ಒಳ್ಳೆ ಪ್ರಶ್ನೆ. ಹಾಗಿದ್ದರೆ ಎಪಾಕ್ಸಿ ಬದಲು ಮತ್ತೆ ಕರಗಿಸಬಹುದಾದ ಪ್ಲಾಸ್ಟಿಕ್ ಹಾಕಬಹುದು. ಪಾಲಿಪ್ರೊಪಿಲೀನ್ (ಪಿಪಿ) ಸುಮಾರು 165 ಡಿಗ್ರಿಗೆ ಕರಗುತ್ತದೆ, ನಾರು 200 ದಾಟಿದರೆ ಸುಡಲು ಶುರು, ನಡುವೆ ಕೆಲಸ ಮಾಡಲು ಜಾಗ ಇದೆ. ಆದರೆ ಪಿಪಿ ಎಣ್ಣೆಯ ಹಾಗೆ ನೀರಿಗೆ ಸೇರದ ಜಾತಿಯದು, ನಾರಿಗೆ ಸುಮ್ನೆ ಅಂಟಲ್ಲ. ಎರಡನ್ನೂ ಹಿಡಿದಿಡಲು ಮಲೇಯಿಕ್ ಅನ್‌ಹೈಡ್ರೈಡ್ ಎಂಬ ರಾಸಾಯನಿಕ ಕೂಡಿಸಿದ ಪಿಪಿ ಸ್ವಲ್ಪ ಹಾಕಬೇಕು.

ಗುಬ್ಬಿ_ಹುಡುಗ:
ಲೆನ್ಸ್‌ನಲ್ಲಿ ನೋಡಿದೆ, ಹೇಳಿದ ಹಾಗೇ ತೂತುಗಳು! ಥ್ಯಾಂಕ್ಸ್ ಅಕ್ಕ, ಸರ್. ನಾಳೆ ಸೋಡಾ ತರುತ್ತೇವೆ.

ಪೀಣ್ಯ_ಮೋಲ್ಡರ್:
ಗ್ಲೌಸ್, ಕನ್ನಡಕ ಹಾಕಿಕೊಳ್ಳಿ. ನೀರಿಗೆ ಸೋಡಾ ಸ್ವಲ್ಪ ಸ್ವಲ್ಪವೇ ಹಾಕಿ, ಸೋಡಾ ಮೇಲೆ ನೀರು ಸುರಿಯಬೇಡಿ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ.